ಹುಚ್ಚು ಅಂತ ಬರೆದುಬಿಡಿ

…ಬೇಡ ಮೇಡಂ, ಬೆಲ್ ಒತ್ತಬೇಡಿ. ಒಂದು ನಿಮಿಷ! ನಿದ್ದೆ ಬರುದಿಲ್ಲ ಅಂತ ಹೇಳಿದ್ದು ಸುಳ್ಳಲ್ಲ. ನಿದ್ದೆ ನಿಜವಾಗಿಯೂ ಇಲ್ಲ. ಹೆಸರು ಮಾತ್ರ ಸುಳ್ಳು ಕೊಟ್ಟದ್ದು. ಹೊರಗೆ ಚೀಟಿ ಬರೆಯುವ ಆ ಹುಡುಗಿಯ ಹತ್ರ ನನ್ನ ಸರಿಯಾದ ಹೆಸರು ಹೇಳಿದ್ರೆ ನೀವು ಒಳಗೇ ಬಿಡ್ತಿರಲಿಲ್ಲ. ಹೌದಲ್ವಾ? ನೋಡಿ, ಈಗ ಹೇಳಿದ ಕೂಡ್ಲೇ ನಿಮ್ಮ ಮುಖ ಹೇಗೆ ಬದಲಾಯ್ತು!

ಹೌದು. ನಾನೇ. ಬೆಳ್ಳಾರೆಯ ಹೇಮಾವತಿ. ಭವಿತನ ಅಮ್ಮ. ಜನವರಿಯಲ್ಲಿ ರಬ್ಬರ್ ತೋಟದಲ್ಲಿ ಕುತ್ತಿಗೆಗೆ ಕತ್ತಿ ಬಿದ್ದು ಸತ್ತ ಹುಡುಗ… ಅವನ ಅಮ್ಮ.

ಗೊತ್ತುಂಟು, ನೀವು ನನ್ನ ಹತ್ರ ಮಾತಾಡ್ಬಾರದು. ಕತ್ತಿ ಹಾಕಿದ ಆ ದಿಶಾಂತನ ಮನಸ್ಸು ಪರೀಕ್ಷೆ ಮಾಡಿ ಹೇಳಿ ಅಂತ ಮಂಗಳೂರಿನ ಬಾಲ ನ್ಯಾಯ ಮಂಡಳಿಯವರು, ಆ ಬೋರ್ಡಿನವರು, ನಿಮಗೆ ಕೊಟ್ಟಿದ್ದಾರೆ. ನಾನು ಸತ್ತವನ ಕಡೆಯವಳು. ಇಲ್ಲಿ ಬಂದು ಕೂರ್ಲೇಬಾರದು. ಎಲ್ಲ ಗೊತ್ತುಂಟು. ನೀವು ಮಾತಾಡುದು ಬೇಡ ಮೇಡಂ. ಸುಮ್ಮನೆ ಕೇಳಿ. ಕೇಳಿದ್ರೆ ತಪ್ಪಿಲ್ಲ ಅಲ್ವಾ? ಕಿವಿಗೆ ಬಿದ್ದದ್ದಕ್ಕೆ ನೀವೆಂತ ಮಾಡ್ಲಿಕ್ಕಾಗ್ತದೆ?

ಇಲ್ಲ, ಜಗಳಕ್ಕೆ ಬಂದದ್ದಲ್ಲ. ಕಣ್ಣೀರು ಹಾಕ್ಲಿಕ್ಕೂ ಅಲ್ಲ, ಅದು ಮುಗಿದಿದೆ. ನನಗೆ ಒಂದೇ ಒಂದು ಉಪಕಾರ ಮಾಡಿ. ಆ ಹುಡುಗನಿಗೆ ಹುಚ್ಚು ಅಂತ ಬರೆದುಬಿಡಿ.

…ಯಾಕೆ ಹಾಗೆ ನೋಡ್ತೀರಿ? ನಿಮಗೆ ಸರಿಯಾಗಿಯೇ ಕೇಳಿಸಿದ್ದು. ಹುಚ್ಚು ಅಂತ. ಬುದ್ಧಿ ಸರಿ ಇಲ್ಲ, ಎಂತ ಮಾಡಿದ ಅಂತ ಅವನಿಗೇ ಗೊತ್ತಿಲ್ಲ ಅಂತ. ನೀವು ಇಂಗ್ಲಿಷಿನಲ್ಲಿ ಎಂತದಾದ್ರೂ ಚಂದ ಹೆಸರು ಹಾಕ್ತೀರಲ್ಲ, ಹಾಗೆ.

ನಮ್ಮ ಯಜಮಾನ್ರು ಪರಮೇಶ್ವರ… ಅವರಿಗೆ ನಾನಿಲ್ಲಿ ಬಂದದ್ದು ಗೊತ್ತಿಲ್ಲ. ಹಲ್ಲುನೋವು, ಪುತ್ತೂರಿಗೆ ಹೋಗಿ ತೋರಿಸಿ ಬರ್ತೇನೆ ಅಂತ ಬಸ್ಸು ಹತ್ತಿದ್ದು. ದರ್ಬೆಯಲ್ಲಿ ಇಳಿದು ನಿಮ್ಮ ಬೋರ್ಡು ಹುಡುಕಿದೆ. ಗೊತ್ತಾದ್ರೆ ಅವರು ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ. ಅವರಿಗೆ ಒಂದೇ ಹಟ. ಹುಡುಗನಿಗೆ ಹದಿನೇಳು ದಾಟಿದೆ, ಮಕ್ಕಳ ಲೆಕ್ಕ ಬೇಡ, ದೊಡ್ಡವರ ಹಾಗೆ ಕೋರ್ಟಿನಲ್ಲಿ ನಿಲ್ಲಿಸ್ಬೇಕು, ಜೈಲಿಗೆ ಹಾಕ್ಬೇಕು. ಊರಿಗೆ ಊರೇ ಹಾಗೆ ಹೇಳುದು. ಬೆಳ್ಳಾರೆ ಪೇಟೆಯಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ, ನ್ಯಾಯ ಬೇಕು ಅಂತ. ನನ್ನ ಮಗನ ಫೋಟೋ ಉಂಟು ಅದರಲ್ಲಿ, ಕೂಲಿಂಗ್ ಗ್ಲಾಸ್ ಹಾಕಿದ್ದು. ಕಣ್ಣು ಕಾಣುವ ಫೋಟೋ ಇರಲಿಲ್ವಾ ಮಕ್ಕಳೇ ಅಂತ ಕೇಳಿದೆ. ಅದು ಅವನಿಗೆ ಇಷ್ಟದ್ದು ಆಂಟಿ ಅಂದ್ರು ಅವನ ಫ್ರೆಂಡ್ಸ್. ಇರ್ಬಹುದು. ಈಗ ಬಿಸಿಲಿಗೆ ಬಣ್ಣ ಹೋಗ್ತಾ ಉಂಟು, ಮುಖ ಎಲ್ಲ ನೀಲಿ ನೀಲಿ. ಬಸ್ಸಿಗೆ ಕಾಯುವಾಗ ನಾನು ಆ ಕಡೆ ತಿರುಗುದೇ ಇಲ್ಲ.

ಲಾಯರು ನಮಗೆ ಬಿಡಿಸಿ ಹೇಳಿದ್ದಾರೆ ಮೇಡಂ. ಹದಿನಾರು ದಾಟಿದವ ಇಂಥ ದೊಡ್ಡ ತಪ್ಪು ಮಾಡಿದ್ರೆ ಮೊದಲು ನಿಮ್ಮಂಥವರು ನೋಡ್ತಾರಂತೆ. ಅಂಥದ್ದು ಮಾಡುವಷ್ಟು ಬಲ ಅವನ ಮೈಗೆ, ಮನಸ್ಸಿಗೆ ಉಂಟಾ, ಮಾಡಿದ್ರೆ ಎಂತ ಆಗ್ತದೆ ಅಂತ ಅವನಿಗೆ ಗೊತ್ತಿತ್ತಾ, ಮತ್ತೆ… ಮತ್ತೆ ಎಂಥ ಸಂದರ್ಭದಲ್ಲಿ ಮಾಡಿದ್ದು ಅಂತ. ಅದನ್ನೆಲ್ಲ ನೋಡಿಯೇ ಬೋರ್ಡಿನವರು ತೀರ್ಮಾನ ಮಾಡುದಂತೆ, ಮಕ್ಕಳ ಲೆಕ್ಕವಾ ದೊಡ್ಡವರ ಲೆಕ್ಕವಾ ಅಂತ. ನಾನು ಯೋಚನೆ ಮಾಡಿದೆ. ಹುಚ್ಚು ಅಂತ ಆಗಿಬಿಟ್ರೆ ಇದನ್ನೆಲ್ಲ ಕೆದಕ್ಲಿಕ್ಕೇ ಇಲ್ವಲ್ಲ! ಹುಚ್ಚನಿಗೆ ಎಂಥ ಸಂದರ್ಭ? ಯಾಕೆ ಮಾಡಿದೆ ಅಂತ ಹುಚ್ಚನ ಹತ್ರ ಯಾರಾದ್ರೂ ಕೇಳ್ತಾರಾ? ಆಸ್ಪತ್ರೆಗೆ ಕಳಿಸ್ತೀರಿ, ಮದ್ದು ಕೊಡ್ತೀರಿ, ಅಲ್ಲಿಗೆ ಮುಗೀತದೆ. ಅವನಿಗೂ ಒಳ್ಳೇದು.

ನಗಾಡಿದ್ರಾ? …ಇಲ್ವಾ. ನನಗೆ ಹಾಗೆ ಕಂಡಿತು.

ತಾಯಿಯ ಮನಸ್ಸು ಅಂತ ಇಟ್ಟುಕೊಳ್ಳಿ ಮೇಡಂ. ನನ್ನ ಮಗ ಹೋದ. ಇನ್ನೊಬ್ಬಳ ಮಗನೂ ಹೋಗುದು ಯಾಕೆ? ವಾರಿಜ, ದಿಶಾಂತನ ಅಮ್ಮ, ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ಗಂಡ ಬಿಟ್ಟು ಹೋದ ಮೇಲೆ ಆ ಒಂದು ಹುಡುಗನೇ ಅವಳಿಗೆ. ಮೊನ್ನೆ ದಾರಿಯಲ್ಲಿ ಸಿಕ್ಕಿದಳು. ನಾನು ಮುಖ ತಿರುಗಿಸಿದೆ. ಅವಳು ರಸ್ತೆ ಅಂತ ನೋಡದೆ ನನ್ನ ಕಾಲು ಹಿಡಿದುಬಿಟ್ಟಳು, 'ಹೇಮಕ್ಕಾ, ಅವ ಯಾಕೆ ಹಾಗೆ ಮಾಡಿದ ಅಂತ ನನಗೆ ಗೊತ್ತಿಲ್ಲ, ದೇವರಾಣೆಗೂ ಗೊತ್ತಿಲ್ಲ' ಅಂತ. ನಿಜ ಮೇಡಂ, ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ದಿಶಾಂತ ನಮಗೆ ಹೊರಗಿನವ ಅಲ್ಲ. ನಮ್ಮ ತೋಟದ ಆಚೆ ಬದಿಯೇ ಅವರ ಮನೆ. ನನ್ನ ಮಗ ಒಂದು ವರ್ಷಕ್ಕೆ ದೊಡ್ಡವ. ಸಣ್ಣದಿರುವಾಗ 'ಭವಿತಣ್ಣ, ಭವಿತಣ್ಣ' ಅಂತ ಬೆನ್ನು ಬಿಡ್ತಿರಲಿಲ್ಲ. ನನಗೆ ಹೇಮತ್ತೆ ಅಂತ ಕರೆಯುದು. ಹಲಸಿನ ಹಣ್ಣು ಕೊರೆದ್ರೆ ಎರಡು ಬಟ್ಟಲು ಇಡ್ತಿದ್ದೆ, ಯಾರಿಗೆ ಹೆಚ್ಚು ಅಂತ ಇಬ್ಬರೂ ಜಗಳ ಮಾಡ್ತಿದ್ರು. ದೊಡ್ಡದಾದ ಮೇಲೆ ನಮ್ಮ ರಬ್ಬರ್ ಟ್ಯಾಪಿಂಗ್ ಅವನೇ ಮಾಡುದು. ಬೆಳಕು ಹರಿಯುವ ಮೊದಲು ತಲೆಗೆ ಟಾರ್ಚು ಕಟ್ಟಿಕೊಂಡು ಬಂದು ಮರ ಕೆತ್ತಿ, ತೆಂಗಿನ ಗೆರಟೆ ಇಟ್ಟು, ರಬ್ಬರ್ ಹಾಲು ಇಳಿಸಿ, ಮತ್ತೆ ಮಿಂದು ಕಾಲೇಜಿನ ಬಸ್ಸಿಗೆ ಓಡುದು. ಅದ್ರ ಮಧ್ಯದಲ್ಲೇ ಓದಿ ಕ್ಲಾಸಿಗೆ ಫಸ್ಟು! ನಮ್ಮ ಯಜಮಾನ್ರಿಗೆ ಅದೊಂದು ಸಿಕ್ಕಿತು. ಭವಿತ್ ಊಟಕ್ಕೆ ಕೂತ್ರೆ ಸಾಕು, 'ಅವನನ್ನು ನೋಡು, ಕೆತ್ತಿಕೊಂಡೂ ಓದ್ತಾನೆ. ನಿನಗೆ ಬೈಕು ಬೇರೆ, ಟ್ಯೂಷನ್ ಬೇರೆ, ಆದ್ರೂ ಫೇಲು.' ದಿನಾ ಮೇಡಂ, ದಿನಾ! ನನ್ನ ಮಗ ತಲೆ ತಗ್ಗಿಸಿ ಅನ್ನ ಕಲಸುದು, ಕಲಸುದು… ಬಾಯಿಗೆ ಹಾಕುದೇ ಇಲ್ಲ. ಅನ್ನದ ಮುಂದೆ ಬೇಡ ಮಾರಾಯ್ರೆ ಅಂತ ನಾನು ಎಷ್ಟು ಹೇಳಿದ್ದೇನೆ…

ಇದೆಲ್ಲ ಯಾಕೆ ಹೇಳಿದೆ? ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಿಡಿ. ಮರೆತುಬಿಡಿ ಇದನ್ನು.

ನಾನು ಹುಚ್ಚಿನ ವಿಷಯ ಹೇಳ್ಲಿಕ್ಕೆ ಬಂದದ್ದು. ನೀವು ಅವನನ್ನು ಒಂದೆರಡು ಸಲ ನೋಡಿದವರು. ನಾನು ದಿನಾ ನೋಡಿದವಳು. ಮಳೆಗಾಲ ಕಳೆದ ಮೇಲೆ ಅವ ಸರಿ ಇರಲಿಲ್ಲ ಮೇಡಂ. ಮನೆ ಒಳಗೆ ಮಲಗುದು ಬಿಟ್ಟ. ಡಿಸೆಂಬರಿನ ಚಳಿಯಲ್ಲೂ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಬಿದ್ದಿರುದು. ವಾರಿಜ ಬಾಗಿಲು ಹಾಕಿದ್ರೆ ಎದ್ದು ಹೋಗಿ ತೆಗೆಯುದು. ಒಲೆಯಲ್ಲಿ ಹಸಿ ಕಟ್ಟಿಗೆ ಇದ್ದು ಸ್ವಲ್ಪ ಹೊಗೆ ಬಂದ್ರೂ ಅಂಗಳಕ್ಕೆ ಓಡುದು, ಕೆಮ್ಮಿ ಕೆಮ್ಮಿ ಕಾರುದು. ಕಾಲೇಜಿನಲ್ಲಿ ಎದುರಿನ ಬೆಂಚು ಬಿಟ್ಟು ಬಾಗಿಲ ಹತ್ರ ಹೋಗಿ ಕೂತನಂತೆ. ಒಂದು ದಿನ ಗಾಳಿಗೆ ಆ ಬಾಗಿಲು ಪಡಕ್ಕಂತ ಹಾಕಿಕೊಂಡಿತಂತೆ, ಇವ ಕಿಟಕಿ ಹತ್ತಿ ಹಾರ್ಲಿಕ್ಕೆ ಹೊರಟನಂತೆ! ಮಕ್ಕಳೆಲ್ಲ ನಗಾಡಿದ್ರಂತೆ. ಮೊದಲೆಲ್ಲ ಎಷ್ಟು ಮಾತಾಡ್ತಿದ್ದ ಹುಡುಗ… ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ ಆಯ್ತು. ಬೆರಳಿನ ಉಗುರೆಲ್ಲ ಒಡೆದು ಗಾಯ. ತಾನೇ ಮಾಡಿಕೊಳ್ಳುದು. ಹೇಳಿ, ಇದು ಹುಚ್ಚಲ್ಲದೆ ಮತ್ತೆಂತ?

…ಎಂತ? ಎಂತಾದ್ರೂ ಹೇಳಿ.

ವಾರಿಜ ಹೇಳಿದ್ದು, ಅಲ್ಲಿ, ಅವನನ್ನು ಇಟ್ಟಿರುವ ಮಕ್ಕಳ ಹೋಮಿನಲ್ಲಿಯೂ ಹಾಗೇ ಅಂತೆ. ಮಕ್ಕಳನ್ನು ಒಳಗೆ ಹಾಕಿ ಬಾಗಿಲು ಹಾಕುವಾಗ ಬೊಬ್ಬೆ ಹಾಕ್ತಾನಂತೆ. ನಿಮ್ಮ ಹತ್ರ ಕೂತಾಗ ಮಾತೇ ಆಡುದಿಲ್ವಂತೆ. ಚಿತ್ರ ಬರಿ ಅಂತ ಕಾಗದ ಕೊಟ್ರಂತೆ ನೀವು, ಅದನ್ನು ಮಡಚಿ ಮಡಚಿ ಕಿಸೆಗೆ ಹಾಕಿಕೊಂಡನಂತೆ. ಹೌದಾ? …ನಿಜವಾಗಿಯೂ ಎಂತದೂ ಹೇಳ್ಲಿಲ್ವಾ ಅವ? ಭವಿತನ ವಿಷಯ? ಮನೆ ವಿಷಯ? ನನ್ನ ಹೆಸರು ತೆಗೆದನಾ?

ಸುಮ್ಮನೆ ಕೇಳಿದೆ. ನೀವು ಹೇಳ್ಬಾರದು, ಗೊತ್ತುಂಟು. ಸುಮ್ಮನೆ.

ಆ ಸೋಮವಾರದ್ದು ಹೇಳ್ತೇನೆ ಕೇಳಿ, ಆಗ ನಿಮಗೇ ಗೊತ್ತಾಗ್ತದೆ. ಬೆಳಿಗ್ಗೆ. ನಾನು ದೋಸೆಗೆ ಕಾವಲಿ ಇಟ್ಟದ್ದಷ್ಟೇ. ಹಿಂದಿನ ಅಂಗಳದಲ್ಲಿ 'ಹೇಮತ್ತೆ' ಅಂತ ಕೇಳಿಸಿತು. 'ನೀರು ಬೇಕು' ಅಂದ. ಚೆಂಬಿನಲ್ಲಿ ಕೊಟ್ಟೆ. ತಲೆ ಎತ್ತಿ ಗಟಗಟ ಅಂತ ಇಡೀ ಚೆಂಬು ಕುಡಿದ. ಅಂಗಿಯಲ್ಲಿ ಯಾವಾಗಲೂ ರಬ್ಬರ್ ಹಾಲಿನ ಕಲೆ ಇರ್ತದೆ ಮೇಡಂ, ಕಪ್ಪು ಕಪ್ಪು ಕಲೆ, ಹಾಗಾಗಿ ನಾನು ಸರಿ ನೋಡ್ಲಿಲ್ಲ. ಚೆಂಬು ಕೆಳಗಿಟ್ಟು ಹೇಳಿದ, 'ಭವಿತಣ್ಣ ತೋಟದಲ್ಲಿ ಬಿದ್ದಿದ್ದಾನೆ. ನಾನೇ.' ಅಷ್ಟೇ. 'ನಾನೇ' ಅಂದ. ನಾನು ಓಡಿದೆ. ಹೇಗೆ ಓಡಿದೆ, ಎಲ್ಲಿ ಬಿದ್ದೆ, ನನಗೆ ಗೊತ್ತಿಲ್ಲ. ನನ್ನ ಮಗನ ಕಣ್ಣು ತೆರೆದೇ ಇತ್ತು… ಮೈ ಬಿಸಿ ಇತ್ತು ಮೇಡಂ, ಬಿಸಿ ಇತ್ತು. ಮತ್ತೆ ಯಾರೆಲ್ಲ ಬಂದ್ರು, ನನ್ನನ್ನು ಎತ್ತಿ ಮನೆಗೆ ತಂದ್ರು. ನೋಡಿದ್ರೆ, ಅವ ಅಲ್ಲೇ ಇದ್ದಾನೆ! ಚೆಂಬು ಇಟ್ಟಲ್ಲೇ, ಹಿಂದಿನ ಮೆಟ್ಟಿಲಿನಲ್ಲಿ. ಯಜಮಾನ್ರು ಹೊಡೆದ್ರು, ಬಂದವರೆಲ್ಲ ಹೊಡೆದ್ರು. ಕೈ ಅಡ್ಡ ಹಿಡೀಲಿಲ್ಲ. ಪೊಲೀಸರು ಬರುವವರೆಗೆ ಕೂತೇ ಇದ್ದ.

ಓಡ್ಲಿಲ್ಲ ಮೇಡಂ! ಬುದ್ಧಿ ಇರುವವ ಓಡುದಿಲ್ವಾ? ಕೊಂದವನ ತಾಯಿಯ ಹತ್ರ ಬಂದು… ಅಲ್ಲ, ಸತ್ತವನ… ಸತ್ತವನ ತಾಯಿಯ ಹತ್ರ ಬಂದು ನೀರು ಕೇಳ್ತಾನಾ ಯಾರಾದ್ರೂ?

ಯಾಕೆ ಕನ್ನಡಕ ತೆಗೆದ್ರಿ?

ಭವಿತ್ ಅಷ್ಟು ಬೇಗ ಎದ್ದು ತೋಟಕ್ಕೆ ಯಾಕೆ ಹೋದ ಅಂತವಾ? ನೀವು ಕೇಳ್ಲಿಲ್ಲ, ಸರಿ. ಆದ್ರೆ ನಿಮ್ಮ ಕಣ್ಣು ಕೇಳ್ತಾ ಉಂಟು. ಪೊಲೀಸರೂ ಕೇಳಿದ್ರು. ಹಾಲು ಎಷ್ಟಾಯ್ತು ನೋಡ್ಲಿಕ್ಕೆ ಅಂತ ನಾನು ಹೇಳಿದೆ. ಅವನದ್ದೇ ತೋಟ, ಹೋಗ್ಬಾರದಾ? ದಿಶಾಂತನನ್ನು ಕರೀಲಿಕ್ಕೆ ಹೋದದ್ದು. ಶೀಟ್ ತಿರುಗಿಸ್ಲಿಕ್ಕೆ ಇತ್ತು, ಅದಕ್ಕೆ. ನಿಮಗೆ ಗೊತ್ತಿರ್ಲಿಕ್ಕಿಲ್ಲ… ರಬ್ಬರ್ ಹಾಲನ್ನು ಗಟ್ಟಿ ಮಾಡಿ, ಶೀಟ್ ಒತ್ತಿ, ಹೊಗೆಯಲ್ಲಿ ಒಣಗಿಸ್ಬೇಕು. ಅದಕ್ಕೆ ಒಂದು ಗೂಡು ಉಂಟು, ನಮ್ಮ ಮನೆ ಹಿಂದೆಯೇ. ಸಣ್ಣ ಕೋಣೆ. ಕಿಟಕಿ ಇಲ್ಲ. ಒಂದು ಬಾಗಿಲು. ಕೆಳಗೆ ತೆಂಗಿನ ಸಿಪ್ಪೆ ಹೊತ್ತಿಸಿ ಹೊಗೆ ಮಾಡುದು.

…ಹೊಗೆ ಅಂದ ಕೂಡ್ಲೇ ಯಾಕೆ ಹಾಗೆ ನೋಡುದು ನೀವು?

ಓ! ನಿಮಗೂ ಯಾರೋ ಹೇಳಿದ್ದಾರೆ ಹಾಗಾದ್ರೆ. ಆ ಪೇಟೆಯ ಗುಸುಗುಸು. ಹುಡುಗರು ದಿಶಾಂತನನ್ನು ಆ ಗೂಡಿನ ಒಳಗೆ ಹಾಕಿ ಬಾಗಿಲು ಹಾಕ್ತಿದ್ರು, ಹೊರಗೆ ನಿಂತು ಗಮ್ಮತ್ತು ಮಾಡ್ತಿದ್ರು ಅಂತ. ಸುಳ್ಳು ಮೇಡಂ, ಶುದ್ಧ ಸುಳ್ಳು! ಸತ್ತವ ಬಂದು ಅಲ್ಲ ಅಂತ ಹೇಳ್ತಾನಾ, ಅದಕ್ಕೇ ಬಾಯಿಗೆ ಬಂದದ್ದು ಹೇಳುದು. ಆ ಬಾಗಿಲು ಹಳೆಯದ್ದು. ಚಿಲಕ ಹೊರಗೆ. ಸ್ವಲ್ಪ ಜೋರು ಎಳೆದ್ರೆ ತನ್ನಿಂತಾನೇ ಬೀಳ್ತದೆ. ಯಾರೂ ಹಾಕುದು ಬೇಡ, ತಾನೇ ಬೀಳ್ತದೆ. ನಾನೇ ಎಷ್ಟು ಸಲ ಹೋಗಿ ತೆಗೆದು ಅವನನ್ನು ಹೊರಗೆ…

…

ಚಿಲಕ. ಚಿಲಕ ತೆಗೆದದ್ದು ಅಂತ ನಾನು ಹೇಳಿದ್ದು.

ಮಾತಾಡಿ ಮೇಡಂ. ಎಂತಾದ್ರೂ ಕೇಳಿ. ಬೈದ್ರೂ ಅಡ್ಡಿ ಇಲ್ಲ. ಹೀಗೆ ಸುಮ್ಮನೆ ಕೂತ್ರೆ ನನಗೆ… ಈ ಕೋಣೆಯಲ್ಲಿ ಗಾಳಿಯೇ ಇಲ್ಲ. ಫ್ಯಾನ್ ತಿರುಗ್ತಾ ಉಂಟಾ?

ಹುಡುಗರ ತಮಾಷೆ ಅಂತ ನಾನು ತಿಳ್ಕೊಂಡದ್ದು. ಮೊದಲ ಸಲ ನಿಜವಾಗಿಯೂ ಹಾಗೇ ತಿಳ್ಕೊಂಡದ್ದು. ಭವಿತ್ ಮತ್ತೆ ಅವನ ಆ ಇಬ್ಬರು ಫ್ರೆಂಡ್ಸ್. ಈಗ ಫ್ಲೆಕ್ಸ್ ಕಟ್ಟಿದ್ದಾರಲ್ಲ, ಅವರೇ. ಒಳಗಿಂದ ಇವ ಕೂಗುದು, ಹೊರಗೆ ಅವರು 'ಫಸ್ಟ್ ರ‍್ಯಾಂಕ್, ಫಸ್ಟ್ ರ‍್ಯಾಂಕ್' ಅಂತ ನಗಾಡುದು. ನಾನು ಹೋಗಿ ಬೈದೆ. ಬೈದಿದ್ದೇನೆ ಮೇಡಂ! ಅವರು ಓಡಿದ್ರು. ನಾನು ಇವನನ್ನು ಹೊರಗೆ ತಂದು ಮುಖ ತೊಳೆಸಿ, ಬೆಲ್ಲ ನೀರು ಕೊಟ್ಟು, ತಲೆ ಒರೆಸಿ ಹೇಳಿದೆ, 'ಅಮ್ಮನಿಗೆ ಹೇಳ್ಬೇಡ ಮಗ. ಅವಳಿಗೆ ಬೇಜಾರಾಗ್ತದೆ. ಮಾವನ ಕಿವಿಗೆ ಬಿದ್ರೆ ಭವಿತಣ್ಣನನ್ನು ಹೊಡೆದು ಕೊಲ್ತಾರೆ. ಯಾರಿಗೂ ಹೇಳ್ಬೇಡ, ಆ?' ತಲೆ ಆಡಿಸಿದ. ಪ್ರತಿ ಸಲವೂ ಹೇಳಿದೆ. ಪ್ರತಿ ಸಲವೂ ತಲೆ ಆಡಿಸಿದ.

ಹೇಳ್ಲಿಲ್ಲ ಅವ. ಹೆತ್ತ ಅಮ್ಮನಿಗೆ ಹೇಳ್ಲಿಲ್ಲ. ಪೊಲೀಸರು ಅಷ್ಟು ಕೇಳಿದ್ರು, ಹೇಳ್ಲಿಲ್ಲ. ನಿಮ್ಮ ಎದುರು ಕೂತು… ಅದು ಹುಚ್ಚಲ್ಲ ಅಲ್ವಾ ಮೇಡಂ, ಅವ ಮಾತಾಡದೆ ಇರುದು? ನಾನು ಹೇಳ್ಬೇಡ ಅಂದದ್ದು. ಇನ್ನೂ ಅವನಿಗೆ… ನಾನು ಹೇಳ್ಬೇಡ ಅಂದದ್ದಕ್ಕೆ…

ಇಲ್ಲ, ನೀರು ಬೇಡ. ಬೇಡ.

ಭಾನುವಾರ. ಅದರ ಹಿಂದಿನ ದಿನ. ಯಜಮಾನ್ರು ಕಡಬಕ್ಕೆ ಹೋಗಿದ್ರು, ಒಂದು ನಿಶ್ಚಿತಾರ್ಥಕ್ಕೆ. ಮನೆಯಲ್ಲಿ ಕೋಳಿ ಮಾಡಿದ್ದೆ. ಗೂಡಿಗೆ ಹೊಗೆ ಹಾಕಿ ಆಗಿತ್ತು ಬೆಳಿಗ್ಗೆಯೇ. ಭವಿತ್ ಬಂದು ಊಟಕ್ಕೆ ಕೂತ. ಬಾಗಿಲು ಬಡಿಯುದು ಕೇಳ್ತಿತ್ತು ಅಡುಗೆ ಕೋಣೆಗೆ. 'ಎಂತ ಅದು?' ಅಂದೆ. 'ಎಂತದೂ ಇಲ್ಲ, ಬಡಿಸಮ್ಮ' ಅಂದ. ನನ್ನ ಮಗ ಅವತ್ತು ಹೊಟ್ಟೆ ತುಂಬ ಉಂಡ ಮೇಡಂ! ಎಷ್ಟು ಸಮಯದ ಮೇಲೆ… ಇನ್ನೊಂದು ತುಂಡು ಹಾಕು ಅಂದ, ರಸ ಹಾಕು ಅಂದ. ನನ್ನ ಮುಖ ನೋಡಿ ನಗಾಡಿದ. ಅಪ್ಪ ಇಲ್ಲದ ಊಟ ಎಷ್ಟು ರುಚಿ ಅಲ್ವಾ ಅಮ್ಮ ಅಂದ. ನಾನು ಎದ್ದು ಹೋಗಿ ಚಿಲಕ ತೆಗೆದ್ರೆ ಭವಿತನಿಗೆ ಸಿಟ್ಟು ಬರ್ತದೆ, ಬಟ್ಟಲು ದೂಡಿ ಎದ್ದುಬಿಡ್ತಾನೆ. ಇವ ಉಂಡು ಏಳ್ಲಿ, ಮತ್ತೆ ತೆಗೆಯುವ ಅಂತ… ಅವ ಅಲ್ಲಿ ಬಡೀತಾ ಇದ್ದ, ನಾನು ಇಲ್ಲಿ ಬಡಿಸ್ತಾ ಇದ್ದೆ. ಮತ್ತೆ ಅವ ಬಡಿಯುದು ನಿಲ್ಲಿಸಿದ. ನಾನು ನಿಲ್ಲಿಸ್ಲಿಲ್ಲ.

ಹೋಗಿ ತೆಗೆದಾಗ ಬಾಗಿಲ ಬುಡದಲ್ಲಿ ಮುದುಡಿ ಕೂತಿದ್ದ. ಕೆಮ್ಮಲೂ ಇಲ್ಲ, ಅಳಲೂ ಇಲ್ಲ. ನಾನು ಕೈ ಹಿಡಿದು ಎಬ್ಬಿಸ್ಲಿಕ್ಕೆ ಹೋದೆ. ಆ ಸಲ ತಲೆ ಆಡಿಸ್ಲಿಲ್ಲ ಮೇಡಂ. ನನ್ನನ್ನೇ ನೋಡಿದ. ಸಿಟ್ಟಿಲ್ಲ… ಈಗ ನೀವು ನೋಡ್ತಾ ಇದ್ದೀರಲ್ಲ, ಹಾಗೆ.

ಮರುದಿನ ಬೆಳಿಗ್ಗೆ ಭವಿತ್ ಚಪ್ಪಲಿ ಹಾಕಿಕೊಂಡು ಹೊರಟಾಗ ನಾನು ಕೇಳಿದೆ, ಎಲ್ಲಿಗೆ ಇಷ್ಟು ಬೇಗ ಅಂತ. 'ಫಸ್ಟ್ ರ‍್ಯಾಂಕಿಗೆ ಗೂಡಿನಲ್ಲಿ ಸ್ವಲ್ಪ ಕೆಲಸ ಉಂಟು' ಅಂದ. ಬೇಡ ಅಂತ ಹೇಳ್ಬಹುದಿತ್ತು. ಕಾವಲಿ ಕಾದಿತ್ತು. ನಾನು ಎಣ್ಣೆ ಹಚ್ಚಿದೆ.

ಅವನಿಗೆ ಹುಚ್ಚಿಲ್ಲ ಮೇಡಂ.

ಇದನ್ನು ನೀವು ಬರೆದ್ರೆ ಸಾಕಾಗುದಿಲ್ಲ ಅಲ್ವಾ? ನಾನೇ ಬರ್ಬೇಕಾಗ್ತದೆ. ಬೋರ್ಡಿನವರ ಎದುರು ನಿಂತು, ನನ್ನ ಬಾಯಿಯಿಂದಲೇ, ಭವಿತನ ಹೆಸರು ತೆಗೆದು…

ಅವನ ಅಪ್ಪ ಅಲ್ಲೇ ಕೂತಿರ್ತಾರೆ ಮೇಡಂ.